ಹದಿನೇಳನೇ ಪೀಸು

ಬೆಳ್ಳಿ ಬಣ್ಣದ ಕ್ಯಾಮೆರಾದ ಮೂತಿ ಕಿರ್ರೆಂದು ಹೊರಗೆ ಬಂದಾಗ ಮಹಾದೇವಿ ಬೆಚ್ಚಿ ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.

"ಏನೂ ಆಗಲ್ಲ ಅಕ್ಕಾ, ಅದು ಲೆನ್ಸು. ಆನ್ ಮಾಡಿದ್ರೆ ಹೊರಗೆ ಬರುತ್ತೆ, ಆಫ್ ಮಾಡಿದ್ರೆ ಒಳಗೆ ಹೋಗುತ್ತೆ" ಎಂದು ವಿಶ್ವನಾಥ್ ನಕ್ಕರು. ಪಕ್ಕದಲ್ಲೇ ಇದ್ದ ಕಪ್ಪು ಕ್ಯಾಮೆರಾವನ್ನು ಅವಳ ಕಡೆ ಸರಿಸಿದರು. "ಇದು ಹೊಸದು, ಆನ್‌ಲೈನಲ್ಲಿ ತರಿಸಿದ್ದು. ನಲವತ್ತೆಂಟು ಮೆಗಾಪಿಕ್ಸೆಲ್ ಅಂತ ಬರ್ದಿದಾರೆ. ಆ ಬೆಳ್ಳೀದು ನಮ್ಮ ಮಗಳು ಐಶ್ವರ್ಯಾ ಎಸ್.ಪಿ. ರೋಡಲ್ಲಿ ತಗೊಂಡಿದ್ದ ಹಳೇ ಮಾಲು. ಈಗ ಕಾಲೇಜು ಮಕ್ಕಳಿಗೆ ಹಳೇ ಕ್ಯಾಮೆರಾನೇ ಫ್ಯಾಶನ್ನು. ಎರಡು ತಿಂಗಳಿಗೆ ಬೇಜಾರಾಯ್ತು ಅವಳಿಗೆ. ಎರಡರಲ್ಲೂ ಎರಡು ದಿನ ತೆಗೆದು ನೋಡಿ, ಯಾವುದು ಚೆನ್ನಾಗಿದೆ ಹೇಳಿ. ಅದನ್ನೇ ಇಟ್ಕೊಳ್ಳೋಣ."

"ನನಗೇನ್ ಗೊತ್ತಾಗತೈತ್ರಿ ಸರ? ಮೊಬೈಲ್‌ದಾಗ ಬಿಟ್ಟರ ನಾ ಫೋಟೊ ತಗದಾಕಿನ ಅಲ್ಲ."

"ಪೀಸ್ ನೋಡೋದು ನೀವು ತಾನೇ? ನಿಮಗಿಂತ ಯಾರಿಗೆ ಗೊತ್ತಾಗುತ್ತೆ?"

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿದ್ದ ವಿಶ್ವನಾಥ್‌ರ ವರ್ಕ್‌ಶಾಪಿನಲ್ಲಿ ಟ್ರ್ಯಾಕ್ಟರಿನ ಸ್ಟೀರಿಂಗ್ ಆರ್ಮ್ ತಯಾರಾಗುತ್ತಿತ್ತು. ಮೊಣಕೈಯಂತೆ ಬಾಗಿದ, ಗೇಣುದ್ದದ ಕಬ್ಬಿಣದ ತೋಳು. ಚಾಲಕ ಮೇಲೆ ಚಕ್ರ ತಿರುಗಿಸಿದರೆ ಕೆಳಗೆ ಮುಂದಿನ ಗಾಲಿಯನ್ನು ಹೊರಳಿಸುವುದು ಅದೇ. ಕುಲುಮೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಹದ ಹಾಕಿ ಬಂದ ಪೀಸುಗಳಲ್ಲಿ ಬಿರುಕಿದೆಯೇ ಎಂದು ನೋಡುವುದು ಮಹಾದೇವಿಯ ಕೆಲಸ. ಪೀಸಿಗೆ ಕೆಂಪು ದ್ರಾವಣ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯಬೇಕು. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಒಸರುತ್ತದೆ. ಹದಿನಾರು ವರ್ಷದಿಂದ ಅವಳು ಇದನ್ನೇ ನೋಡುತ್ತ ಬಂದಿದ್ದಳು. ಈಗ ಮಾಲು ಕೊಳ್ಳುವ ಕಂಪನಿಯವರು, ಪ್ರತಿ ಲಾಟಿನ ಜೊತೆ ಪರೀಕ್ಷೆಯ ಫೋಟೊ ಇರಬೇಕು, ಮೊಬೈಲ್ ಮಾತ್ರ ಒಳಗೆ ಬರಕೂಡದು ಎಂದು ಹೊಸ ನಿಯಮ ಮಾಡಿದ್ದರು. ಎಲ್ಲರ ಮೊಬೈಲೂ ಬೆಳಿಗ್ಗೆ ಗೇಟಿನ ಪೆಟ್ಟಿಗೆ ಸೇರುತ್ತಿತ್ತು.

ಮಹಾದೇವಿ ಕ್ಯಾಮೆರಾಗಳನ್ನೂ ಪೀಸು ನೋಡಿದ ಹಾಗೇ ನೋಡತೊಡಗಿದಳು. ಅದೇ ಪೀಸು, ಅದೇ ಟ್ಯೂಬ್‌ಲೈಟು, ಅದೇ ದೂರ. ಮೊದಲು ಕಪ್ಪಿನಲ್ಲಿ, ಆಮೇಲೆ ಬೆಳ್ಳಿಯಲ್ಲಿ. ನೋಟ್‌ಬುಕ್ಕಿನ ನಡುವೆ ಗೀಟೆಳೆದು ಎರಡೂ ಕಡೆ ಬರೆದಳು. ಕಪ್ಪು ಹಗುರ. ಪರದೆ ದೊಡ್ಡದು. ಒತ್ತಿದ ಕೂಡಲೇ ತೆಗೆಯುತ್ತದೆ. ಮೊಬೈಲ್ ಚಾರ್ಜರೇ ಆಗುತ್ತದೆ, ಬ್ಯಾಟರಿ ಇಡೀ ದಿನ ಬರುತ್ತದೆ. ಬೆಳ್ಳಿ ಭಾರ. ಪರದೆ ಬೆಂಕಿಪೊಟ್ಟಣದಷ್ಟು. ಊಟದ ಹೊತ್ತಿಗೆ ಬ್ಯಾಟರಿ ಖಾಲಿ. ಹತ್ತಿರ ಹಿಡಿದು ತೆಗೆಯಬೇಕಾದರೆ ಹೂವಿನ ಗುರುತಿಗೆ ಬರುವ ತನಕ ಗುಂಡಿ ಒತ್ತುತ್ತಿರಬೇಕು. ಫೋಟೊ ಮಂಕು, ಕಾಳು ಕಾಳು. ಕಪ್ಪು ಕ್ಯಾಮೆರಾದ ಫೋಟೊದಲ್ಲೋ ಬಿಳಿ ಪುಡಿ ಆಗಷ್ಟೇ ಸುಣ್ಣ ಹೊಡೆದ ಗೋಡೆಯಂತೆ ಕಾಣುತ್ತಿತ್ತು. ಹತ್ತು ಪೀಸು ಮುಗಿಯುವಷ್ಟರಲ್ಲೇ ಅವಳ ಮನಸ್ಸು ಕಪ್ಪಿನ ಕಡೆ ವಾಲಿತ್ತು.

ಹದಿನೇಳನೇ ಪೀಸಿನ ಒಳಬಾಗಿನಲ್ಲಿ ಕೆಂಪು ಒಸರಿತು. ಮಗುವಿನ ಕೂದಲಿನಷ್ಟು ಸಪೂರದ, ಅರ್ಧ ಬೆರಳುದ್ದದ ಗೆರೆ. ಅವಳು ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದಳು. ಇತ್ತು. ಕಪ್ಪು ಕ್ಯಾಮೆರಾದಲ್ಲಿ ತೆಗೆದಳು. ಪರದೆಯಲ್ಲಿ ಬಿಳಿ ಬಾಗು ನುಣ್ಣಗೆ ಹೊಳೆಯಿತು, ಗೆರೆಯಿರಲಿಲ್ಲ. ಕೈ ನಡುಗಿರಬೇಕೆಂದು ಮೊಣಕೈ ಊರಿ ತೆಗೆದಳು. ಹತ್ತಿರ ಹೋದಳು, ದೂರ ಬಂದಳು, ಲೈಟಿನ ಕೆಳಗೇ ಹಿಡಿದಳು. ಏಳು ಸಲ ತೆಗೆದರೂ ಗೆರೆ ಬರಲಿಲ್ಲ. ಬೆಳ್ಳಿ ಕ್ಯಾಮೆರಾವನ್ನು ಹೂವಿನ ಗುರುತಿಗೆ ತಂದು ಒಂದೇ ಸಲ ಒತ್ತಿದಳು. ಕಾಳುಕಾಳಾದ ಮಂಕು ಬಿಳಿಯ ನಡುವೆ ಕೆಂಪು ಗೆರೆ ಇತ್ತು, ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಎಂದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗಿ.

ಆಫೀಸಿಗೆ ಹೋಗಿ ತೋರಿಸಿದಾಗ ವಿಶ್ವನಾಥ್ ಮೇಜಿನ ಲ್ಯಾಂಡ್‌ಲೈನಿನಿಂದ ಮಗಳಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು.

"ಪಪ್ಪಾ, ಆ ಅಗ್ಗದ ಕ್ಯಾಮೆರಾಗಳು ಹಾಗೇ" ಎಂದಳು ಐಶ್ವರ್ಯಾ. "ಫೋಟೊ ಚೆನ್ನಾಗಿ ಕಾಣ್ಲಿ ಅಂತ ಅವೇ ನುಣ್ಣಗೆ ಮಾಡ್ಬಿಡ್ತವೆ. ಮುಖದ ಮೇಲಿನ ಮೊಡವೆ, ಸುಕ್ಕು ಎಲ್ಲಾ ಒರೆಸಿಬಿಡುತ್ತೆ. ಆಫ್ ಮಾಡೋಕೂ ಆಗಲ್ಲ. ನಲವತ್ತೆಂಟು ಅನ್ನೋದು ಸುಮ್ನೆ, ಡಬ್ಬಿ ಮೇಲೆ ಬರ್ಯೋಕೆ."

ಫೋನಿಟ್ಟ ಮೇಲೆ ವಿಶ್ವನಾಥ್ ಕ್ಯಾಮೆರಾದ ಮಾತು ಬಿಟ್ಟರು. "ಉಳಿದ ಪೀಸ್ ನೋಡಿದ್ರಾ?"

"ಇನ್ನೂ ನೋಡಾಕತ್ತೀನ್ರಿ."

ಸಂಜೆಯೊಳಗೆ ನಲವತ್ತು ಪೀಸು ನೋಡಿದ್ದಳು. ಐದರಲ್ಲಿ ಗೆರೆ ಇತ್ತು. ಐದೂ ಅದೇ ಜಾಗದಲ್ಲಿ. ಮುನ್ನೂರು ಪೀಸಿನ ಲಾಟು ಅದು. ಗುರುವಾರ ಲಾರಿ ಬರುವುದಿತ್ತು.

ಕೆಲಸ ಬಿಟ್ಟಾಗ ಈಶಪ್ಪ ಎಂದಿನಂತೆ ಗೇಟಿನ ಹತ್ತಿರ ನಿಂತಿದ್ದ. ಹದ ಹಾಕುವ ಕುಲುಮೆಯ ಕೆಲಸದವನು. ಕೆಂಪಗೆ ಕಾದ ಪೀಸುಗಳನ್ನು ಎಣ್ಣೆ ತೊಟ್ಟಿಯಲ್ಲಿ ಅದ್ದಿ ಅದ್ದಿ ಅವನ ಮುಂಗೈ ಮೇಲೆ ಕೂದಲೇ ಉಳಿದಿರಲಿಲ್ಲ. ಗಂಡ ತೀರಿಕೊಂಡ ವರ್ಷ, ರೋಣದಿಂದ ಒಂದು ಟ್ರಂಕು ಹಿಡಿದು ಬಂದಿದ್ದ ಮಹಾದೇವಿಯನ್ನು ಈ ವರ್ಕ್‌ಶಾಪಿಗೆ ಕರೆತಂದು, "ನಮ್ಮೂರ ಕಡೆ ಹೆಣ್ಮಗಳು, ಕಣ್ಣು ಭಾಳ ಚುರುಕ್ರಿ" ಎಂದು ವಿಶ್ವನಾಥ್‌ಗೆ ಹೇಳಿದ್ದವನು ಅವನೇ. ಅಂದಿನಿಂದ ಇಬ್ಬರೂ ದಿನಾ ಟಿ. ದಾಸರಹಳ್ಳಿವರೆಗೆ ಮೆಟ್ರೊ ಕಂಬಗಳ ಕೆಳಗೆ ಕೂಡಿಯೇ ನಡೆಯುತ್ತಿದ್ದರು. ಈವತ್ತು ಹತ್ತು ಕಂಬ ದಾಟುವ ತನಕ ಈಶಪ್ಪ ಎರಡು ಹೆಜ್ಜೆ ಮುಂದೆಯೇ ನಡೆದ.

"ಯಣ್ಣಾ, ಆ ಲಾಟು ಹದ ಹಾಕಿದ ದಿನ ಏನರ ಆಗಿತ್ತೇನು?" ಎಂದು ಕೊನೆಗೆ ಅವಳೇ ಕೇಳಿದಳು.

ಅವನು ನಡೆಯುತ್ತಲೇ ಹೇಳಿದ. "ಹಿಂದಿನ ದಿನ ಮಳಿ ಬಂದಿತ್ತಲ್ಲ. ಶೆಡ್ಡಿನ ಶೀಟು ಸೋರಿ ಎಣ್ಣಿ ತೊಟ್ಟ್ಯಾಗ ನೀರು ಬಿದ್ದಿತ್ತು. ಮ್ಯಾಲಿನ ಎಣ್ಣಿ ನೋಡಿದ್ರ ಗೊತ್ತಾಗೂದಿಲ್ಲ, ನೀರು ತಳಕ್ಕ ಕುಂತಿರತೈತಿ. ಅದ್ದಿದಾಗ ಚಟಪಟ ಅಂತು. ಗೊತ್ತಾತು ನನಗ, ನೀರು ತಾಗಿದ್ರ ಕಾದ ಕಬ್ಬಿಣ ಬಿರಕ ಬಿಡತೈತಿ. ಎಣ್ಣಿ ಬದಲಿ ಮಾಡಬೇಕಂದ್ರ ಎರಡು ದಿನ ಕೆಲಸ ನಿಲ್ಲತಿತ್ತು. ಏನೂ ಆಗಲಿಕ್ಕಿಲ್ಲ ಅಂತ ಹಾಕಿಬಿಟ್ಟೆ."

"ಶೀಟಿಂದು ಸರಗ ಹೇಳಿದ್ದಿಲ್ಲೇನು?"

"ಎರಡು ಸಲ ಹೇಳೀನಿ. ಶೀಟು ಸೋರತೈತಿ ಅಂತ ಹೇಳೀನಿ. ನೀರು ಬಿದ್ದೈತಿ ಅಂತ ಹೇಳಿಲ್ಲ." ಅವನು ನಿಂತ. ಪಕ್ಕದಲ್ಲಿ ಬಸ್ಸೊಂದು ಉಸ್ಸೆಂದು ಬ್ರೇಕು ಹಾಕಿತು. "ಯವ್ವಾ, ಆ ಕರೇ ಕ್ಯಾಮೆರಾದಾಗ ಕಾಣಸೂದಿಲ್ಲಂತಲ್ಲ. ಅದನ್ನ ಆರಿಸಿಬಿಡು. ನೀ ಸುಳ್ಳು ಹೇಳಿದಂಗೇನೂ ಆಗೂದಿಲ್ಲ. ಫೋಟೊದಾಗ ಬಂದಿಲ್ಲ ಅಂದ್ರ ಬಂದಿಲ್ಲ. ಮೂವತ್ತು ವರ್ಷದಾಗ ಒಂದ್ ಪೀಸು ನನ್ನ ಹೆಸರಿಗೆ ವಾಪಸ್ ಬಂದಿಲ್ಲ."

ಅವಳು ಸೆರಗು ಬಿಗಿದುಕೊಂಡು ಮುಂದೆ ನಡೆದಳು. ಅವನೂ ಹೆಜ್ಜೆ ಹಾಕಿದ. ದಾಸರಹಳ್ಳಿಯ ಅಡ್ಡರಸ್ತೆಯಲ್ಲಿ ಬೇರೆಯಾಗುವಾಗ ದಿನವೂ "ಬರ್ತೀನವಾ" ಎನ್ನುತ್ತಿದ್ದವನು ಈವತ್ತು ಕೈಯಷ್ಟೇ ಎತ್ತಿದ.

ಮರುದಿನ ಬೆಳಿಗ್ಗೆ ವಿಶ್ವನಾಥ್ ಎರಡೂ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದು ಕೂತಿದ್ದರು. ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ದಾವಣಗೆರೆಯಿಂದ ಬಂದು, ಎರಡು ಲೇಥಿನಿಂದ ಶುರುಮಾಡಿ ಇಪ್ಪತ್ತೆರಡು ಜನರ ತನಕ ಬೆಳೆಸಿದ್ದ ಮನುಷ್ಯ. ಕೆಲಸಗಾರರ ಮೇಲೆ ದನಿ ಏರಿಸಿದ್ದು ಮಹಾದೇವಿಗೆ ನೆನಪಿರಲಿಲ್ಲ. ಈಗಲೂ ಅವರು ಮೆಲ್ಲಗೇ ಮಾತಾಡಿದರು.

"ಅಕ್ಕಾ, ನಿಮ್ಮ ನೋಟ್‌ಬುಕ್ ನೋಡ್ದೆ. ತುಂಬಾ ಚೆನ್ನಾಗಿ ಬರ್ದಿದೀರಿ. ಬ್ಯಾಟರಿ, ಪರದೆ, ಭಾರ ಎಲ್ಲದರಲ್ಲೂ ಕಪ್ಪುದೇ ಒಳ್ಳೇದು ಅಂತ ನೀವೇ ಹಾಕಿದೀರಿ. ಕಪ್ಪುದೇ ಇರ್ಲಿ."

"ಅದು ಹದಿನಾರನೇ ಪೀಸಿನ ತನಕ ಬರದದ್ದ್ರಿ ಸರ."

"ಅವರು ಕೇಳಿದ್ದು ಫೋಟೊ. ಯಾವ ಕ್ಯಾಮೆರಾ ಅಂತ ಕೇಳಿಲ್ಲ." ಅವರು ಅವಳ ಮುಖ ನೋಡಲಿಲ್ಲ. "ನೀವು ಕಂಡ ಐದನ್ನ ತೆಗ್ದಿಟ್ಟಿರೋಣ, ಉಳಿದದ್ದು ಕಪ್ಪುದರ ಫೋಟೊ ಜೊತೆ ಹೋಗ್ಲಿ. ಈ ಲಾಟು ತಪ್ಪಿದ್ರೆ ಆರ್ಡರ್ ಬೇರೆಯವರಿಗೆ ಹೋಗುತ್ತೆ. ಇಪ್ಪತ್ತೆರಡು ಮನೆ ಇದೆ ಅಕ್ಕಾ ಇಲ್ಲಿ, ನಿಮ್ಮದೂ ಸೇರಿ."

"ಆತ್ರಿ" ಎಂದು ಅವಳು ಕಪ್ಪು ಕ್ಯಾಮೆರಾ ತೆಗೆದುಕೊಂಡು ಬಂದಳು.

ಟೇಬಲ್ಲಿನ ಮುಂದೆ ಕೂತಾಗ ಅವಳಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಅದೇ ಕಷ್ಟವಾಗಿತ್ತು. ಈಶಪ್ಪ ಕೆಟ್ಟವನಲ್ಲ, ವಿಶ್ವನಾಥ್ ಕೆಟ್ಟವರಲ್ಲ. ಕ್ಯಾಮೆರಾವಂತೂ, ಹೇಗೆ ಮಾಡಿದ್ದಾರೋ ಹಾಗಿದೆ. ಇಬ್ಬರೂ ಕೇಳುತ್ತಿದ್ದದ್ದು ಸಣ್ಣದೊಂದನ್ನು: ಫೋಟೊ ಮಾತಾಡಲಿ, ನೀನು ಸುಮ್ಮನಿರು. ಅವಳು ಪೀಸೊಂದನ್ನು ತಿರುಗಿಸಿ ಒಳಬಾಗಿನ ಮೇಲೆ ಉಗುರು ಎಳೆದಳು. ಉಗುರು ಒಂದು ಕಡೆ ಚೂರು ತಡೆಯಿತು.

ಮಧ್ಯಾಹ್ನದವರೆಗೆ ಹೇಳಿದಂತೆಯೇ ಕೆಲಸ ಮಾಡಿದಳು. ಉಳಿದವುಗಳಲ್ಲಿ ಇನ್ನೂ ಅರವತ್ತು ನೋಡಿದಳು, ಎಲ್ಲವನ್ನೂ ಕಪ್ಪು ಕ್ಯಾಮೆರಾದಲ್ಲೇ ತೆಗೆದಳು. ಆಫೀಸಿನ ಪ್ರಿಂಟರಿನಲ್ಲಿ ಫೋಟೊಗಳು ಹೊರಬಂದವು. ಒಂದಕ್ಕಿಂತ ಒಂದು ಬೆಳ್ಳಗೆ, ನುಣ್ಣಗೆ. ಪ್ರತಿಯೊಂದನ್ನೂ ರಿಪೋರ್ಟಿನ ಹಾಳೆಗೆ ಅಂಟಿಸಿ, ಕೆಳಗಿನ ಸಾಲಿನಲ್ಲಿ ಬರೆದು ಸಹಿ ಹಾಕಿದಳು. ಊಟದ ಗಂಟೆಗೆ ಮೊದಲು ಆವರೆಗಿನ ನೂರು ಹಾಳೆಗಳ ಕಟ್ಟನ್ನು ವಿಶ್ವನಾಥ್‌ರ ಮುಂದೆ ಇಟ್ಟಳು.

ಅವರು ಹಾಳೆ ತಿರುವಿದರು. ಹದಿನೇಳನೇ ಪೀಸಿಗೆ ಬಂದು ನಿಂತರು. ಮೇಲೆ ಒಂದು ಚುಕ್ಕೆಯೂ ಇಲ್ಲದ ಬಿಳಿ ಬಾಗಿನ ಫೋಟೊ. ಕೆಳಗೆ ಅವಳ ದುಂಡನೆಯ ಅಕ್ಷರ: 'ಒಳಬಾಗಿನಲ್ಲಿ ಬಿರುಕು, ಅರ್ಧ ಬೆರಳುದ್ದ. ಫೋಟೊದಲ್ಲಿ ಕಾಣುವುದಿಲ್ಲ, ಕಣ್ಣಿಗೆ ಕಾಣುತ್ತದೆ. ರಿಜೆಕ್ಟ್.' ಇನ್ನೂ ಹನ್ನೊಂದು ಹಾಳೆಗಳ ಮೇಲೆ ಅದೇ ಇತ್ತು.

"ಇದನ್ನ ಹೇಗೆ ಕಳಿಸ್ಲಿ ನಾನು?"

"ನೀವು ಹೇಳಿದ ಕ್ಯಾಮೆರಾದಾಗನ ತಗದೀನ್ರಿ ಸರ. ಫೋಟೊ ಅದರದು. ಸಹಿ ನಂದಲ್ರಿ?" ಅವಳು ಪೆನ್ನನ್ನು ಹಾಳೆಗಳ ಪಕ್ಕದಲ್ಲಿಟ್ಟಳು. "ಬ್ಯಾರೆಯವರ ಕಡೆ ಸಹಿ ಹಾಕಸ್ತೀನಂದ್ರ ಹಾಕಸ್ರಿ. ನನ್ನ ಕೈಲೆ ಇಷ್ಟ ಆಗತೈತಿ."

ವಿಶ್ವನಾಥ್ ಹಾಳೆಗಳನ್ನು ಜೋಡಿಸಿದರು, ಬಿಡಿಸಿದರು, ಮತ್ತೆ ಜೋಡಿಸಿದರು. ಆಮೇಲೆ ಎದ್ದು ಕುಲುಮೆಯ ಶೆಡ್ಡಿನ ಕಡೆ ನಡೆದರು. ಹಿಂದೆಯೇ ಹೋದ ಮಹಾದೇವಿ ಶೆಡ್ಡಿನ ಬಾಗಿಲಲ್ಲೇ ನಿಂತಳು. ಅವರು ತಲೆಯೆತ್ತಿ, ಸೋರುತ್ತದೆಂದು ಈಶಪ್ಪ ಎರಡು ಸಲ ಹೇಳಿದ್ದ ಶೀಟನ್ನು ನೋಡಿದರು. ತೂತಿನಿಂದ ಬಿಸಿಲಿನ ಕೋಲೊಂದು ನೇರ ಎಣ್ಣೆ ತೊಟ್ಟಿಯ ಮೇಲೆ ಬಿದ್ದಿತ್ತು. ಈಶಪ್ಪ ಇಕ್ಕಳ ಕೆಳಗಿಟ್ಟ.

ಯಾರೂ ಏನೂ ಕೇಳುವ ಮೊದಲೇ ಅವನು, "ನೀರು ಬಿದ್ದಿತ್ರಿ ಸರ. ನಾ ಹೇಳಲಿಲ್ಲ" ಎಂದ.

"ನೀವು ಶೀಟು ಅಂದಾಗ ನಾನೂ ಕೇಳಲಿಲ್ಲ" ಎಂದರು ವಿಶ್ವನಾಥ್, ಇನ್ನೂ ಮೇಲೆಯೇ ನೋಡುತ್ತ.

ಗುರುವಾರ ಲಾರಿ ಬರಲಿಲ್ಲ. ವಿಶ್ವನಾಥ್ ಕಂಪನಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದರು. ಲಾಟು ಪೂರ್ತಿ ಗುಜರಿಗೆ ಹೋಯಿತು. ಆರ್ಡರಿನಲ್ಲಿ ಅರ್ಧ ಬೇರೊಂದು ವರ್ಕ್‌ಶಾಪಿನ ಪಾಲಾಯಿತು, ಅರ್ಧ ಉಳಿಯಿತು. ಎರಡನೇ ಪಾಳಿ ನಿಂತು ಮೂವರು ಕೆಲಸ ಕಳೆದುಕೊಂಡರು. ಅವರಲ್ಲೊಬ್ಬಳಾದ ಲೇಥಿನ ವೇಣಿ ಹೋಗುವ ದಿನ ಮಹಾದೇವಿಯ ಮುಂದೆ ನಿಂತು, "ನೀವು ಒಂದ್ ಮಾತು ಬರೀದೇ ಇದ್ದಿದ್ರೆ ಆಗ್ತಿತ್ತಕ್ಕ" ಎಂದಳು. ಮಹಾದೇವಿ ತಲೆ ಆಡಿಸಿದಳು. ಹೌದು, ಆಗುತ್ತಿತ್ತು. ಬೆಳ್ಳಿ ಕ್ಯಾಮೆರಾ ಅವಳ ಟೇಬಲ್ಲಿಗೆ ಬಂತು. ಐಶ್ವರ್ಯಾ ಇನ್ನೊಂದು ಬ್ಯಾಟರಿಯನ್ನೂ ಹುಡುಕಿ ಕಳಿಸಿದಳು.

ಶೆಡ್ಡಿಗೆ ಹೊಸ ಶೀಟು ಬಿತ್ತು. ಕುಲುಮೆಗೆ ಶಿವರಾಜ್ ಎಂಬ ಹೊಸಬ ಬಂದ. ಈಶಪ್ಪನನ್ನು ಪ್ಯಾಕಿಂಗಿಗೆ ಹಾಕಿದರು. ಅವನು ಯಾರ ಹತ್ತಿರವೂ ದೂರಲಿಲ್ಲ, ಆದರೆ ಗೇಟಿನ ಹತ್ತಿರ ಕಾಯುವುದನ್ನು ಬಿಟ್ಟ. ಸಂಜೆ ಗಂಟೆಯಾದ ಕೂಡಲೇ ಚೀಲ ಹೆಗಲಿಗೆ ಹಾಕಿಕೊಂಡು ನಡೆದುಬಿಡುತ್ತಿದ್ದ. ಮಹಾದೇವಿ ಹಿಂದಿನಿಂದ ಹೊರಡುತ್ತಿದ್ದಳು. ಕಾಲು ಬೀಸಿ ಹಾಕಿದರೆ ಅವನನ್ನು ಮುಟ್ಟಬಹುದಿತ್ತು. ಅವಳು ಹಾಕುತ್ತಿರಲಿಲ್ಲ.

ಅಕ್ಟೋಬರಿನ ಒಂದು ಸಂಜೆ ದಾಸರಹಳ್ಳಿಯ ತಿರುವಿನಲ್ಲಿ ದಾರಿ ಕಟ್ಟಿತ್ತು. ನೀರಿನ ಟ್ಯಾಂಕರು ಎಳೆಯುತ್ತಿದ್ದ ಟ್ರ್ಯಾಕ್ಟರೊಂದು ದೊಡ್ಡ ರಸ್ತೆಯಿಂದ ಅಡ್ಡರಸ್ತೆಗೆ ಹೊರಳುವುದಿತ್ತು. ತುಂಬಿದ ಟ್ಯಾಂಕರಿನ ಮುಚ್ಚಳದಿಂದ ನೀರು ತುಳುಕುತ್ತಿತ್ತು. ಟ್ಯೂಷನ್ನಿಗೆ ಹೊರಟ ಮಕ್ಕಳು, ಸೊಪ್ಪಿನ ಗಾಡಿಯವಳು, ಸ್ಕೂಟರಿನವರು ಇಕ್ಕಟ್ಟಿನಲ್ಲಿ ಒಬ್ಬರಿಗೊಬ್ಬರು ಒತ್ತಿ ನಿಂತಿದ್ದರು. ಚಾಲಕ ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಮಾತಾಡುತ್ತಲೇ ಒಂದೇ ಕೈಯಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಿದ.

ಮಹಾದೇವಿ ಫುಟ್‌ಪಾತಿನ ಅಂಚಿನಲ್ಲಿ ನಿಂತಳು. ಇಪ್ಪತ್ತು ಹೆಜ್ಜೆ ಮುಂದೆ, ಜನರ ನಡುವೆ, ಈಶಪ್ಪನೂ ನಿಂತಿದ್ದ. ಅವನು ಟ್ಯಾಂಕರನ್ನಾಗಲಿ ಚಾಲಕನನ್ನಾಗಲಿ ನೋಡುತ್ತಿರಲಿಲ್ಲ. ಕತ್ತು ಬಗ್ಗಿಸಿ ಮುಂದಿನ ಗಾಲಿಗಳ ನಡುವೆ, ಕೆಳಗೆ, ಆ ಬಾಗಿದ ಕಬ್ಬಿಣದ ತೋಳನ್ನು ನೋಡುತ್ತಿದ್ದ. ಗಾಲಿಗಳು ಮೆಲ್ಲಗೆ ಒಟ್ಟಿಗೇ ಹೊರಳಿದವು. ಮಕ್ಕಳ ಪಕ್ಕದಲ್ಲೇ ಟ್ರ್ಯಾಕ್ಟರು ಅಡ್ಡರಸ್ತೆಯೊಳಗೆ ಸರಿದು, ಬಟ್ಟೆ ಒಣಹಾಕಿದ್ದ ಮಹಡಿಗಳ ಕೆಳಗೆ ಗುಡುಗುಡು ಎನ್ನುತ್ತ ಹೋಯಿತು. ರಸ್ತೆಯ ಮೇಲೆ ನೀರಿನ ಬಾಗಿದ ಗೆರೆಯೊಂದು ಉಳಿಯಿತು.

ದಾರಿ ಬಿಟ್ಟಿತ್ತು. ಜನ ನುಗ್ಗಿದರು. ಈಶಪ್ಪ ಮಾತ್ರ ಒಮ್ಮೆ ಅವಳ ಕಡೆ ತಿರುಗಿ ನೋಡಿ, ಇನ್ನೂ ಅಲ್ಲೇ, ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದ.