ಒಂದಕ್ಕೊಂದು ತಾಗದ ಹಾಗೆ

ಮೂರನೆಯ ಭಾನುವಾರವೂ ನಮ್ಮ ಯಜಮಾನರು ಹೆಗಲ ಮೇಲೆ ಹಣ್ಣಿನ ಪೆಟ್ಟಿಗೆ ಹೊತ್ತುಕೊಂಡೇ ಬಾಗಿಲಲ್ಲಿ ಕಾಣಿಸಿಕೊಂಡರು. ಬೆಳಗಿನ ಎಂಟು ಗಂಟೆ. ನಾನು ಕಿಟಕಿಯ ಬಳಿ ಬಿಸಿಲು ಬೀಳುವ ಕಡೆ ಕುರ್ಚಿ ಎಳೆದುಕೊಂಡು, ಎರಡೂ ಕೈಗಳನ್ನು ಒಗೆದ ಬಟ್ಟೆಯ ಹಾಗೆ ಮಡಿಲಲ್ಲಿ ಹರವಿಕೊಂಡು ಕೂತಿದ್ದೆ. ಪೆಟ್ಟಿಗೆ ಕಂಡದ್ದೇ ಕೈಗಳು ತಾವಾಗಿಯೇ ಶಾಲಿನೊಳಗೆ ಸೇರಿಕೊಂಡವು.

“ಮಾವಿನಹಣ್ಣು. ಇನ್ನೆರಡು ವಾರ ಅಷ್ಟೇ. ಆಮೇಲೆ ರೇಟು ಮುಟ್ಟೋ ಹಾಗಿರಲ್ಲ” ಎಂದರು ಅವರು.

ಮುಟ್ಟುವ ಮಾತು ನನ್ನ ಹತ್ತಿರ ಬೇಡ ಎಂದುಕೊಂಡೆ.

ಯಜಮಾನರು ಶಾಲೆಯ ವ್ಯಾನ್ ಓಡಿಸುತ್ತಾರೆ. ಶಾಲೆಗೆ ರಜೆ ಬಂದರೆ ವ್ಯಾನಿಗೂ ರಜೆ, ವ್ಯಾನಿಗೆ ರಜೆ ಬಂದರೆ ನನಗೆ ಸಜೆ. ಸಂಬಳವಿಲ್ಲದ ಆ ಎರಡು ತಿಂಗಳು ಅವರು ಮನೆಯಲ್ಲಿ ಕೂತು ಮನೆಯನ್ನು ಉದ್ಧಾರ ಮಾಡುತ್ತಾರೆ. ಹೋದ ವರ್ಷ ಸೋಪಿನ ಚೂರುಗಳನ್ನೆಲ್ಲ ಕರಗಿಸಿ ಹೊಸ ಸೋಪು ಮಾಡಿದ್ದರು. ಅದು ನೊರೆ ಬಿಡುವುದಿರಲಿ, ಕೈಯನ್ನೇ ಬಿಡುತ್ತಿರಲಿಲ್ಲ. ಈ ವರ್ಷ ಮೊಬೈಲಿನಲ್ಲಿ ಒಬ್ಬಾಕೆ ಸಿಕ್ಕಿದ್ದಾಳೆ. ಕಣ್ಣು ಅರಳಿಸಿ, ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥ ದನಿಯಲ್ಲಿ “ಹಾಯ್ ಸ್ನೇಹಿತರೇ, ಅಗ್ಗ ಇದ್ದಾಗ ತನ್ನಿ, ಫ್ರೀಜರ್‌ನಲ್ಲಿಡಿ, ವರ್ಷಪೂರ್ತಿ ಉಳಿಸಿ” ಎನ್ನುತ್ತಾಳೆ. ಆಕೆಯ ಫ್ರಿಜ್ಜು ನಮ್ಮ ಅಡುಗೆಮನೆಯಷ್ಟಿದೆ. ನಮ್ಮ ಫ್ರಿಜ್ಜಿನ ಮೇಲಿನ ಖಾನೆಗೆ ಎರಡು ಇಟ್ಟಿಗೆ ಇಟ್ಟರೆ ಬಾಗಿಲು ಹಾಕಲು ಭುಜ ಕೊಡಬೇಕು.

ಅತ್ತೆಗಂತೂ ಈ ಯೋಜನೆ ಬಾಯಿಗೆ ಬಂದ ಹಣ್ಣು. ಡಾಕ್ಟರು ಅವರಿಗೆ ನಾಲ್ಕು ಮಾತು ಹೇಳಿದ್ದರು: ದಿನಾ ನಡೆಯಿರಿ, ಉಪ್ಪು ಬಿಡಿ, ಸಿಟ್ಟು ಬಿಡಿ, ಹಣ್ಣು ತಿನ್ನಿ. ಮೊದಲ ಮೂರು ಹೇಳುವಾಗ ಅವರ ಕಿವಿ ಮಂದವಾಗಿತ್ತಂತೆ.

“ನಮ್ಮ ಮನೇಲೇ ಎಕ್ಸ್‌ಪರ್ಟ್ ಇರೋವಾಗ ನಮಗೇನು ಚಿಂತೆ” ಎಂದು ಮೊದಲ ವಾರವೇ ತಾಯಿ ಮಗ ಇಬ್ಬರೂ ನನ್ನ ಕಡೆ ನೋಡಿದ್ದರು.

ಆ ಎಕ್ಸ್‌ಪರ್ಟ್ ನಾನು. ಹಣ್ಣು ಹೆಪ್ಪುಗಟ್ಟಿಸಿ ಪ್ಯಾಕ್ ಮಾಡುವ ಫ್ಯಾಕ್ಟರಿಯಲ್ಲಿ ಆರು ವರ್ಷದಿಂದ ಕೆಲಸ. ಪದವಿ ಓದಿದ್ದು ಇತಿಹಾಸ. ಕೆಲಸಕ್ಕೆ ಸೇರಿದ್ದು ಹಿಮಯುಗಕ್ಕೆ. ಕಲ್ಲಾದ ಹಣ್ಣಿನ ಹೋಳುಗಳು ಆಲಿಕಲ್ಲಿನಂತೆ ಸದ್ದು ಮಾಡುತ್ತ ಬೆಲ್ಟಿನ ಮೇಲೆ ಬರುತ್ತವೆ. ಕಪ್ಪು ಚುಕ್ಕೆಯವನ್ನು, ಗೊರಟದ ಚೂರು ಉಳಿದವನ್ನು, ಒಂದಕ್ಕೊಂದು ಅಂಟಿಕೊಂಡವನ್ನು ನಾವು ಆರಿಸಿ ತೆಗೆಯಬೇಕು. ಕೈಗೆ ಒಳಗೊಂದು ಬಟ್ಟೆಯ ಗ್ಲೌಸು, ಮೇಲೊಂದು ರಬ್ಬರಿನದು. ಅರ್ಧ ಗಂಟೆಗೆ ಎರಡೂ ಚಳಿಯ ಪಕ್ಷ ಸೇರುತ್ತವೆ. ನಮ್ಮ ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಮೈನಸ್ ಮೇಡಂ. ಉಗ್ರಾಣದ ಉಷ್ಣಾಂಶ ಮೈನಸ್ ಹದಿನೆಂಟು, ಮೇಡಂ ಇನ್ನೂ ಎರಡು ಡಿಗ್ರಿ ಕೆಳಗೆ. ಊಟದ ಬಿಡುವಿನಲ್ಲಿ ನಾನು ಮೂಗಿನಿಂದ ಆಕೆಯ ದನಿ ತೆಗೆದರೆ, ಎಂಟು ಜನ ಹೆಂಗಸರು ಅನ್ನ ನೆತ್ತಿಗೇರಿಸಿಕೊಳ್ಳುತ್ತಾರೆ. ಆ ಕೋಣೆಯಲ್ಲಿ ಬಿಸಿಯಾಗಿರುವುದು ಆ ನಗು ಒಂದೇ.

ನಾಲ್ಕು ತಿಂಗಳಿಂದ ನನ್ನ ಬೆರಳುಗಳು ಬೆಳ್ಳಗಾಗತೊಡಗಿದ್ದವು. ಮೊದಲು ಬಿಳಿ, ಆಮೇಲೆ ನೀಲಿ, ಆಮೇಲೆ ಏನೂ ಇಲ್ಲ. ಫ್ಯಾಕ್ಟರಿಗೆ ತಿಂಗಳಿಗೊಮ್ಮೆ ಬರುವ ಡಾಕ್ಟರು ತುದಿಗೆ ಸೂಜಿ ಚುಚ್ಚಿ, ಗೊತ್ತಾಗುತ್ತಾ ಎಂದು ಕೇಳಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ, ಚುಚ್ಚಿದ್ದೇ ಗೊತ್ತಾಗಲಿಲ್ಲ. ಕೆಲಸ ಬಿಡುವುದಾದರೆ ಒಳ್ಳೆಯದು, ಬಿಡಲಾಗದಿದ್ದರೆ ರಜೆಯ ದಿನವಾದರೂ ಈ ಕೈಗೆ ತಣ್ಣಗಿನದು ಏನನ್ನೂ ಮುಟ್ಟಿಸಬೇಡಿ, ಇಲ್ಲದಿದ್ದರೆ ಹೋದ ಸ್ಪರ್ಶ ಹಾಗೇ ಹೋಗಿಬಿಡಬಹುದು ಎಂದರು. ಮನೆಯಲ್ಲಿ ನಾನು ಹೇಳಲಿಲ್ಲ. ಹೇಳಿದರೆ ಇವರು ತಕ್ಷಣ ಕೆಲಸ ಬಿಡು ಎನ್ನುತ್ತಾರೆ. ಬಿಟ್ಟರೆ ಊಟಕ್ಕೇನು ಎಂದು ನಾನು ಕೇಳಬೇಕಾಗುತ್ತದೆ. ನಿಂತ ವ್ಯಾನಿನ ಕಡೆ ನೋಡುತ್ತ ಇಬ್ಬರೂ ಸುಮ್ಮನಾಗಬೇಕಾಗುತ್ತದೆ. ಇಷ್ಟೆಲ್ಲ ಸುತ್ತಿ ಸುಮ್ಮನಾಗುವ ಬದಲು ಮೊದಲೇ ಸುಮ್ಮನಿರುವುದು ಕಡಿಮೆ ಆಯಾಸದ ಕೆಲಸ.

ಹಾಗಾಗಿ ಮೊದಲ ಭಾನುವಾರ ಎರಡು ಬುಟ್ಟಿ ದ್ರಾಕ್ಷಿಯನ್ನು ನಾನೇ ತೊಳೆದು, ಬಿಡಿಸಿ, ಒರೆಸಿ, ತಟ್ಟೆಗಳಲ್ಲಿ ಹರವಿ, ಗಟ್ಟಿಯಾದ ಮೇಲೆ ತಟ್ಟೆಯಿಂದ ಬಿಡಿಸಿ ಚೀಲಕ್ಕೆ ತುಂಬಿದೆ. ಸೋಮವಾರ ಫ್ಯಾಕ್ಟರಿಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಪಕ್ಕದವಳು ಮಗುವಿಗೆ ಹಾಕುವ ಹಾಗೆ ಒಂದೊಂದೇ ಹಾಕಿಕೊಟ್ಟಳು. ಅವಳ ಹೆಬ್ಬೆರಳೂ ಬಿಳಿ.

ಎರಡನೆಯ ಭಾನುವಾರ ಅನಾನಸ್ ಬಂತು. ತಲೆನೋವೆಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟೆ. ತಾಯಿ ಮಗ ಇಬ್ಬರೇ ಹೆಚ್ಚಿ, ರಸ ಸೋರುತ್ತಿದ್ದ ಹೋಳುಗಳನ್ನು ಹಾಗೇ ಚೀಲಕ್ಕೆ ಸುರಿದು ಫ್ರೀಜರಿಗೆ ತುರುಕಿದರು. ಬುಧವಾರ ತೆಗೆದರೆ ಅದೊಂದು ಹಳದಿ ಬಂಡೆ. ಇವರು ಚಾಕು ಹಾಕಿದರು, ಚಾಕು ಬಗ್ಗಿತು. ಸುತ್ತಿಗೆ ತಂದರು. ಕೆಳಗಿನ ಮನೆಯವರು ಮೇಲೆ ಬಂದು ಗೋಡೆ ಒಡೆಸುತ್ತಿದ್ದೀರಾ ಎಂದು ವಿಚಾರಿಸಿಕೊಂಡು ಹೋದರು. ಅತ್ತೆ ಒಂದು ಚಕ್ಕೆಯನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ, “ಡಾಕ್ಟರು ಹಣ್ಣು ತಿನ್ನಿ ಅಂದ್ರು ಕಣೋ, ಹಲ್ಲು ಕೊಡಿ ಅನ್ನಲಿಲ್ಲ” ಎಂದರು.

ಈಗ ಮೂರನೆಯದು.

“ನಾನು ಮಾಡಿದ್ರೆ ಬಂಡೆ ಆಗುತ್ತೆ, ನೀನು ಮಾಡಿದ್ರೆ ಮುತ್ತು ಮುತ್ತಾಗಿ ಬರುತ್ತೆ. ಒಂದು ಗಂಟೆ ಕೆಲಸ. ಮಾಡಿಬಿಡು” ಎಂದು ಇವರು ಪೆಟ್ಟಿಗೆಯನ್ನು ನನ್ನ ಕಾಲ ಬಳಿ ಇಳಿಸಿದರು. ಇಡೀ ವಾರ ಹಣ್ಣು ಆರಿಸಿ ಹಣ್ಣಾದವಳ ಮುಂದೆ ಇಪ್ಪತ್ತು ಕಿಲೋ ಹಣ್ಣು. ಬೇಡ ಎನ್ನಲೂ ತ್ರಾಣ ಬೇಕು. ಆಗಲಿ, ಚಹಾ ಕುಡಿದು ಶುರು ಮಾಡುತ್ತೇನೆ ಎಂದೆ.

ಅತ್ತೆ ಕುದಿಯುವ ಚಹಾವನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಬಟ್ಟೆಯಲ್ಲಿ ಹಿಡಿದು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟರು. ನಾನು ಲೋಟವನ್ನು ಎತ್ತಿ ಎರಡೂ ಕೈಯ ಬೆರಳುಗಳಲ್ಲಿ ತಬ್ಬಿ ಹಿಡಿದೆ. ಹಿಡಿದುಕೊಂಡೇ ಇದ್ದೆ.

ಅತ್ತೆ ಹೋಗದೆ ನಿಂತರು.

“ಕೈ ಸುಡಲ್ವೇನೇ?”

“ಇಲ್ಲವಲ್ಲ.”

ಅವರು ಲೋಟಕ್ಕೆ ಒಂದು ಬೆರಳು ತಾಗಿಸಿ, ಫಕ್ಕನೆ ತೆಗೆದು ಕಿವಿಗೆ ಹಚ್ಚಿಕೊಂಡರು. ನನ್ನ ಕೈಯಿಂದ ಲೋಟ ಕಸಿದು ಕೆಳಗಿಟ್ಟರು. ಬೆರಳುಗಳನ್ನು ತಿರುಗಿಸಿ ನೋಡಿದರು. ತುದಿಗಳು ಕೆಂಪಾಗಿದ್ದವು; ನನಗೆ ಸುದ್ದಿಯೇ ಬಂದಿರಲಿಲ್ಲ.

“ಬಾರೋ ಇಲ್ಲಿ” ಎಂದು ಮಗನನ್ನು ಕರೆದರು. “ನಿನ್ನ ಹೆಂಡತಿ ಕೈ ನೋಡು.”

ಆಮೇಲೆ ಮುಚ್ಚಿಡುವುದೇನೂ ಉಳಿಯಲಿಲ್ಲ. ಸೂಜಿ, ಡಾಕ್ಟರು, ರಜೆಯ ದಿನದ ಮಾತು, ಎಲ್ಲ ಹೇಳಿದೆ. ನಿರೀಕ್ಷಿಸಿದಂತೆಯೇ ಇವರು ಕೆಲಸ ಬಿಡು ಎಂದರು, ನಾನು ಊಟಕ್ಕೇನು ಎಂದೆ, ಇಬ್ಬರೂ ಕಿಟಕಿಯಾಚೆ ನಿಂತ ವ್ಯಾನಿನ ಕಡೆ ನೋಡಿದೆವು. ಇವರು ಪೆಟ್ಟಿಗೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಚಾಕು ತೆಗೆದುಕೊಂಡು, “ಎಲ್ಲಿ, ಹೇಗೆ ಅಂತ ಹೇಳಿಕೊಡು. ನೀನು ಮುಟ್ಟಬೇಡ” ಎಂದರು.

ನಾನು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಒಯ್ದು, ಶಾಲನ್ನು ಕೈಗೆ ಸುತ್ತಿಕೊಂಡು ಕೂತೆ. ಹೇಳಿಕೊಡಲು ನನಗೆ ನನ್ನ ದನಿ ಸಾಲಲಿಲ್ಲ. ಎರವಲು ದನಿ ತಾನಾಗಿ ಮೂಗಿನೊಳಗೆ ಬಂತು.

“ಒರೆಸಿ ಅಂದ್ರೆ ಒರೆಸ್ಬೇಕು ಕಣ್ರಪ್ಪಾ. ಒದ್ದೆ ಇದ್ರೆ ಐಸು ಕಟ್ತದೆ. ತಟ್ಟೇಲಿ ಒಂದೇ ಸಾಲು. ಒಂದಕ್ಕೊಂದು ತಾಗ್ಬಾರ್ದು. ತಾಗಿದ್ರೆ ಅಂಟ್ಕೊಳ್ತವೆ, ಅಂಟ್ಕೊಂಡ್ರೆ ನನ್ನ ತಲೆಗೆ ಕಟ್ತಾರೆ.”

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು. ಆರು ವರ್ಷದಲ್ಲಿ ಮೈನಸ್ ಮೇಡಂ ನಮ್ಮ ಮನೆಗೆ ಬಂದದ್ದು ಇದೇ ಮೊದಲು. ಇವರು ಮಾತ್ರ ನಗದೆ, ಹೌದು ಮೇಡಂ, ಸರಿ ಮೇಡಂ ಎನ್ನುತ್ತ, ಒಂದೊಂದು ಹೋಳನ್ನೂ ಮೊಟ್ಟೆ ಇಡುವವರಂತೆ ತಟ್ಟೆಯಲ್ಲಿಟ್ಟರು. ಫ್ರೀಜರಿನಲ್ಲಿ ಹಿಡಿಸಿದ್ದು ಎರಡೇ ತಟ್ಟೆ. ಉಳಿದ ಪೆಟ್ಟಿಗೆ ತನ್ನ ಸರದಿಗೆ ಕಾಯುತ್ತ ನೆಲದ ಮೇಲೆ ಕೂತಿತು.

ಮಧ್ಯಾಹ್ನ ಮೂರಕ್ಕೆ ಹೋಳುಗಳು ಗಟ್ಟಿಯಾಗಿದ್ದವು. ಈಗ ಬಿಡಿಸಿ ಚೀಲಕ್ಕೆ ತುಂಬಬೇಕು, ಕರಗುವ ಮುಂಚೆ, ಬೇಗ, ಎಂದೆ. ಇವರು ಬರಿಗೈಯಲ್ಲೇ ಶುರು ಮಾಡಿದರು. ಮೊದಲ ತಟ್ಟೆ ಮುಗಿಯುವಷ್ಟರಲ್ಲಿ ಕೈ ಕೊಡವಿದರು. ಎರಡನೆಯದರ ಅರ್ಧಕ್ಕೆ ನಿಲ್ಲಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು, ಗೋಡೆಗೆ ಒರಗಿ ನಿಂತರು. ಹಾಗೆ ನಿಲ್ಲುವುದು ನನಗೆ ಗೊತ್ತು. ನಮ್ಮ ಬೆಲ್ಟಿನ ಹಿಂದೆ ಎಲ್ಲರೂ ಹಾಗೇ ನಿಲ್ಲುತ್ತೇವೆ, ಮೇಡಂ ಆ ಕಡೆ ತಿರುಗಿದಾಗ.

“ದಿನಾ ಎಷ್ಟು ಹೊತ್ತು?” ಎಂದು ಕೇಳಿದರು. ಆರು ವರ್ಷದಿಂದ ಸಂಜೆ ಫ್ಯಾಕ್ಟರಿಯ ಗೇಟಿನಿಂದ ನನ್ನನ್ನು ಕರೆತರುವವರು.

“ಎಂಟು ಗಂಟೆ” ಎಂದೆ. ಈ ಸಲ ನನ್ನದೇ ದನಿಯಲ್ಲಿ.

ಅವರು ಕಂಕುಳಿಂದ ಕೈ ತೆಗೆದು ಉಳಿದ ಅರ್ಧ ತಟ್ಟೆಯನ್ನು ಬಿಡಿಸಿ ಮುಗಿಸಿದರು. ನಿಧಾನವಾಗಿ ಮುಗಿಸಿದರು, ಕೊನೆಯ ಹೋಳುಗಳು ಕರಗಿ ಬೆರಳಿಗೆ ಅಂಟುತ್ತಿದ್ದವು. ಮೈನಸ್ ಮೇಡಂ ಏನಾದರೂ ಅನ್ನಬಹುದಿತ್ತು. ಅನ್ನಲಿಲ್ಲ. ಪೆಟ್ಟಿಗೆಯಲ್ಲಿ ಉಳಿದದ್ದನ್ನು ಬೆಳಿಗ್ಗೆ ತಾವೇ ಎದ್ದು ಮಾಡುವುದಾಗಿಯೂ, ಆಗದ್ದನ್ನು ಕೆಳಗಿನ ಮನೆಯವರಿಗೆ ಸುತ್ತಿಗೆಯ ಸದ್ದಿನ ಲೆಕ್ಕಕ್ಕೆ ಕೊಟ್ಟುಬಿಡುವುದಾಗಿಯೂ ಇವರು ಫ್ರಿಜ್ಜಿನ ಬಾಗಿಲಿಗೆ ಭುಜ ಕೊಡುತ್ತ ಹೇಳಿದರು.

ಸಂಜೆ ಮತ್ತೆ ಚಹಾ ಬಂತು. ಈ ಸಲ ಅತ್ತೆ ಲೋಟಕ್ಕೆ ಬಟ್ಟೆ ಸುತ್ತಿಯೇ ಕೊಟ್ಟರು. ಅವರು ಆಚೆ ಹೋದ ಮೇಲೆ ನಾನು ಬಟ್ಟೆ ಬಿಚ್ಚಿ, ಒಂದೊಂದೇ ಬೆರಳನ್ನು ಲೋಟಕ್ಕೆ ತಾಗಿಸಿ ನೋಡಿದೆ. ಕಿರುಬೆರಳು, ಇಲ್ಲ. ಉಂಗುರದ ಬೆರಳು, ಇಲ್ಲ. ನಡುಬೆರಳು, ಇಲ್ಲ. ಬಲಗೈಯ ತೋರುಬೆರಳು ಸ್ವಲ್ಪ ತಡೆದು, ದೂರದಿಂದ ಯಾರೋ ಕರೆದ ಹಾಗೆ, ಚುರುಕ್ ಎಂದಿತು.

ಬೆರಳನ್ನು ಅಲ್ಲೇ ಇಟ್ಟುಕೊಂಡು ಕೂತೆ. ನಾಳೆ ಸೋಮವಾರ.