ಹಮೀದಾ ಸಿಸ್ಟರ್ ಹೇಳಿದ್ದು

ಮುನಿಶಾಮಯ್ಯ ಹೇಳುತ್ತಿದ್ದುದನ್ನು ಧನುಶ್ರೀ ಒಂದು ಪದವೂ ಬಿಡದೆ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಒಳಗೆ ಪರದೆಯ ಹಿಂದೆ ಹೆಂಗಸರು ಹಮೀದಾ ಸಿಸ್ಟರ್‌ಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಚನ್ನಪಟ್ಟಣದ ಆ ಗಲ್ಲಿಯ ಮನೆಯೆದುರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರಲ್ಲಿ ಅರ್ಧ ಜನ ನೆಂಟರಲ್ಲ. ಈಗ ಮುಚ್ಚಿಹೋಗಿರುವ ನರ್ಸಿಂಗ್ ಹೋಮೊಂದರಲ್ಲಿ, ಆಕೆಯ ಆರೈಕೆಯಲ್ಲಿ ತಮ್ಮವರನ್ನು ಕಳಕೊಂಡವರು.

ದೊಡ್ಡಮಳೂರಿನ ಮುನಿಶಾಮಯ್ಯ ಟವೆಲಿನಲ್ಲಿ ಕಣ್ಣೊರೆಸಿಕೊಂಡ. "ನಾನು ಇಂಜೆಕ್ಷನ್ ತರೋಕೆ ಹೋಗಿದ್ದೆ ಕಣಮ್ಮ. ಬರೋದ್ರೊಳಗೆ ನಮ್ಮೋಳು ಹೋಗ್ಬುಟ್ಟಿದ್ಲು. ಸಿಸ್ಟರ್ ಕೈ ಹಿಡ್ಕಂಡೇ ಕೂತಿದ್ರಂತೆ. ನನ್ನ ಹೆಸ್ರು ಹೇಳಿ, ಯಾರೋ ಕರೆದಂಗೆ ನಕ್ಕಳಂತೆ. ಆಗ ಸಿಸ್ಟರ್ ಅಂಗೈ ಬೆಚ್ಚಗಾಯ್ತಂತೆ."

ಧನುಶ್ರೀಯ ಬೆರಳು ನಿಂತಿತು.

ಪಕ್ಕದಲ್ಲಿದ್ದ ಗುಡೇಮಾರನಹಳ್ಳಿಯ ಹೆಂಗಸು ಅವನ ಕಡೆ ತಿರುಗಿ, ತನ್ನ ಗಂಡನೂ ಹಾಗೇ ನಕ್ಕನಂತೆ, ಯಾರೋ ಕರೆದ ಹಾಗೆ, ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಸಮಾಧಾನದಿಂದ ತಲೆದೂಗಿದರು.

*

ಹನ್ನೆರಡು ವರ್ಷದ ಹಿಂದೆ ಧನುಶ್ರೀ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ತಾಯಿ ವೆಂಕಟಲಕ್ಷ್ಮಮ್ಮನಿಗೆ ಕಿಡ್ನಿ ಕೈಕೊಟ್ಟು ಅದೇ ನರ್ಸಿಂಗ್ ಹೋಮಿಗೆ ಸೇರಿಸಿದ್ದರು. ಅಮ್ಮನೇ ಹಟ ಹಿಡಿದು ಅವಳನ್ನು ರಾಮನಗರಕ್ಕೆ ಪರೀಕ್ಷೆಗೆ ಕಳಿಸಿದ್ದಳು. ಮಧ್ಯಾಹ್ನ ಮೂರಕ್ಕೆ ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಮೀದಾ ಸಿಸ್ಟರ್ ಮಂಚದ ಪಕ್ಕ ಅಮ್ಮನ ಕೈ ಹಿಡಿದು ಕೂತಿದ್ದರು. ನಿನ್ನ ಹೆಸರು ಹೇಳಿದಳು, ಯಾರೋ ಕರೆದ ಹಾಗೆ ನಕ್ಕಳು, ನನ್ನ ಅಂಗೈ ಬೆಚ್ಚಗಾಯಿತು ಎಂದರು.

ಆ ಮಾತಿನ ಮೇಲೆಯೇ ಧನುಶ್ರೀ ಬದುಕು ಕಟ್ಟಿಕೊಂಡಳು. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಮೇಲೆ ಅವಳು ಬರೆದು ಪುಸ್ತಕವಾಗಿ ತಂದ ಸಂಶೋಧನೆಯ ತಿರುಳೂ ಅದೇ: ಶುಶ್ರೂಷೆ ದೇಹಕ್ಕಷ್ಟೇ ಮುಗಿಯುವುದಿಲ್ಲ, ಸಾಯುವ ಗಳಿಗೆಯಲ್ಲಿ ನರ್ಸಿನ ಜೀವವೂ ರೋಗಿಯ ಜೀವವೂ ಒಂದನ್ನೊಂದು ಮುಟ್ಟುತ್ತವೆ. ಇದು ಅಧ್ಯಾತ್ಮವಾಯಿತು, ವಿಜ್ಞಾನವಲ್ಲ ಎಂದು ಗೈಡ್ ತಳ್ಳಿಹಾಕಿದಾಗ ತಾಯಿಯ ಸಾವನ್ನೇ ಸಾಕ್ಷಿಯಾಗಿ ಮುಂದಿಟ್ಟಿದ್ದಳು. ಅದಕ್ಕಾಗಿ ಎರಡು ವರ್ಷ ಭಾನುವಾರವೆಲ್ಲ ಈ ಮನೆಗೆ ಬಂದು ಸಿಸ್ಟರನ್ನು ಮಾತಾಡಿಸಿದ್ದಳು. ಒಂದು ಸಲ ಅಳುಕುತ್ತಲೇ, ನಿಜವಾಗಲೂ ಹಾಗೇ ಆಯಿತಾ ಎಂದು ಕೇಳಿದ್ದಳು.

ಹಮೀದಾ ಅವಳ ತಟ್ಟೆಗೆ ಇನ್ನೊಂದು ಸಮೋಸ ಹಾಕಿ, "ನಿಂಗೆ ಸುಳ್ಳು ಹೇಳ್ತೀನಾ ಮಗಾ?" ಎಂದಿದ್ದರು.

*

ಆಯಾ ನೂರ್ಜಹಾನ್ ಬಚ್ಚಲ ಬಾಗಿಲಲ್ಲಿ ಖಾಲಿ ಬಕೆಟ್ಟುಗಳನ್ನು ಕವುಚುತ್ತಿದ್ದಳು. ಆ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತು ವರ್ಷ ಹಮೀದಾಳ ಜೊತೆ ದುಡಿದವಳು. ಧನುಶ್ರೀ ಅವಳ ತೋಳು ಹಿಡಿದು ಗೋಡೆಯ ಮರೆಗೆ ಕರಕೊಂಡು ಹೋದಳು. ಅಮ್ಮ ಹೋದಾಗ ಸಿಸ್ಟರ್ ಎಲ್ಲಿದ್ದರು ಎಂದು ನೇರವಾಗಿ ಕೇಳಿದಳು.

ನೂರ್ಜಹಾನ್ ಮೊದಲು ನೆನಪಿಲ್ಲ ಎಂದಳು. ಧನುಶ್ರೀ ಕೈ ಬಿಡಲಿಲ್ಲ. ಸತ್ತವರ ಮನೆಯಲ್ಲಿ ಸುಳ್ಳು ಬೇಡವೆನಿಸಿತೋ ಏನೋ, ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅವತ್ತು ಇನ್ನಿಬ್ರು ನರ್ಸ್ ಬಂದಿರಲಿಲ್ಲ. ಹಮೀದಾ ಒಬ್ಳೇ, ಹೆರಿಗೆ ರೂಮ್ನಲ್ಲಿದ್ಲು. ಎರಡು ಗಂಟೆಗೆ ಬೆಡ್‌ಶೀಟ್ ಬದಲಾಯ್ಸೋಕೆ ಹೋದೆ. ಅಷ್ಟೊತ್ತಿಗೇ ನಿಮ್ಮವ್ವ ತಣ್ಣಗಾಗಿತ್ತು. ನೀನು ಗೇಟ್ ತಾವ ಬತ್ತಿದ್ದೀಯ ಅಂತ ಹಮೀದಾಗೆ ಹೇಳ್ದೆ, ಆಗ ಓಡಿ ಬಂದು ಕೈ ಹಿಡ್ಕಂಡು ಕೂತ್ಲು."

"ಎಲ್ಲಾರ್ಗೂ ಅದನ್ನೇ ಹೇಳ್ತಿದ್ರಾ?"

"ಇನ್ನೇನ್ ಹೇಳ್ಬೇಕಿತ್ತವ್ವ? ಅಳ್ತಾ ಬರೋರು."

"ಅವತ್ತು ಅಳ್ತಾ ಬಂದಿದ್ದೆ, ನಿಜ. ಆಮೇಲೆ ಎರಡು ವರ್ಷ ನೋಟ್‌ಬುಕ್ ಹಿಡ್ಕೊಂಡು ಬಂದೆನಲ್ಲ, ಆಗ?"

ನೂರ್ಜಹಾನ್ ತೋಳು ಬಿಡಿಸಿಕೊಂಡಳು. ಧನುಶ್ರೀಗೆ ಅಳು ಬರಲಿಲ್ಲ. ತಾನು ಕಲಿಸಿದ ಹುಡುಗಿಯರೆಲ್ಲ ಯಾವ್ಯಾವುದೋ ವಾರ್ಡುಗಳಲ್ಲಿ, ಸಾಯುವವರ ಕೈ ಹಿಡಿದು ಏನೂ ಅನ್ನಿಸದೆ, ತಮ್ಮಲ್ಲೇ ಕೊರತೆಯೆಂದು ಕೊರಗುತ್ತಿರಬಹುದು ಎನ್ನಿಸಿತು. ಒಬ್ಬಳಂತೂ ಹಾಗೆಂದು ಹೇಳಿಯೂ ಇದ್ದಳು. ಇನ್ನಷ್ಟು ಶ್ರದ್ಧೆ ಬೇಕು ಎಂದು ಅವಳನ್ನು ಗದರಿದ್ದಳು ಧನುಶ್ರೀ.

ಒಳಗಿನಿಂದ ಹಮೀದಾಳ ಮಗಳು ಮುಬಶ್ಶಿರಾ ಬಂದಳು. ಅತ್ತು ಅವಳ ಕಣ್ಣು ಊದಿದ್ದವು. "ಅಕ್ಕಾ, ಮುಖ ನೋಡಿ ಬನ್ನಿ, ಇನ್ನೇನು ಮುಚ್ತಾರೆ. ಅಮ್ಮಿ ನಿಮ್ಮ ಬುಕ್ಕನ್ನ ಬೀರುನಲ್ಲಿಟ್ಟು ಬೀಗ ಹಾಕಿದ್ರು. ಯಾರೂ ಮುಟ್ಟೋ ಹಂಗಿರಲಿಲ್ಲ."

ಅದು ಹೆಮ್ಮೆಯೋ ಹೆದರಿಕೆಯೋ, ಇನ್ನು ಕೇಳುವುದಕ್ಕೆ ಯಾರೂ ಇರಲಿಲ್ಲ. "ನೀನು ನಡಿ," ಎಂದಳು ಧನುಶ್ರೀ. ಒಳಗೆ ಹೋಗಲಿಲ್ಲ.

ಮುಬಶ್ಶಿರಾ ಮರೆಯಾದ ಮೇಲೆ ನೂರ್ಜಹಾನಳನ್ನು ಕೇಳಿದಳು. "ಅಮ್ಮನ ಮುಖ ಯಾವ ಕಡೆ ಇತ್ತು?"

ಮುದುಕಿ ಅವಳ ಕೈಯನ್ನು ತನ್ನ ಅಂಗೈಗಳಲ್ಲಿ ತೆಗೆದುಕೊಂಡಳು.

"ಬಾಗಿಲ ಕಡೆ ಕಣವ್ವ."

ಗಂಡಸರು ಹೆಣದ ಮಂಚ, ಜನಾಜಾ, ಹೆಗಲಿಗೇರಿಸಿ ಗಲ್ಲಿಗೆ ಇಳಿದರು. ಮುನಿಶಾಮಯ್ಯನೂ ಓಡಿಹೋಗಿ ಒಂದು ಮೂಲೆಗೆ ಹೆಗಲು ಕೊಟ್ಟ. ಹೆಣ ಎದುರಿಗೆ ಬಂದಂತೆ ಇಕ್ಕೆಲದ ಮನೆಗಳಲ್ಲಿ ಗೊಂಬೆ ಕಡೆಯುವ ಮಶೀನುಗಳು ಒಂದೊಂದಾಗಿ ನಿಂತವು. ಅರಗಿನ ಬಣ್ಣ ಮೆತ್ತಿದ ಕೈಗಳು ಕಿಟಕಿಗಳಲ್ಲಿ ಪ್ರಾರ್ಥನೆಗೆ ಮೇಲೆದ್ದವು. ಹೆಣ ದಾಟಿದ್ದೇ ಮಶೀನುಗಳು ಒಂದೊಂದಾಗಿ ಮತ್ತೆ ತಿರುಗತೊಡಗಿದವು. ಗಲ್ಲಿಯ ತಿರುವಿನಲ್ಲಿ ಕೊನೆಯದೂ ಶುರುವಾಗುವವರೆಗೆ ಧನುಶ್ರೀ ಹೊಸ್ತಿಲ ಹೊರಗೆ ಬರಿಗಾಲಲ್ಲಿ ನಿಂತೇ ಇದ್ದಳು.