ಬರಿಗೈಯ ಮೇಜು

"ಕೈಯೇನು ಸತ್ತೋಗಿದ್ಯಾ ನಿಂಗೆ, ಮುದಿಮುಂಡೆ?"

ಮೇಸ್ತ್ರಿ ಎಸೆದ ನೂಲಿನ ಕಂತೆ ಮುದುಕಿಯ ಎದೆಗೆ ಬಡಿದು ಮೇಜಿನ ಮೇಲೆ ಬಿತ್ತು. ನಡುಬೇಸಿಗೆಯ ಮಧ್ಯಾಹ್ನ. ತಗಡಿನ ಶೆಡ್ಡಿನೊಳಗೆ ಆಸಿಡ್ ತೊಟ್ಟಿ ಕುದಿಯುತ್ತಿತ್ತು. ಕರೆಂಟು ತೆಗೆಯುವ ಗಾಳಿಯಂತ್ರದ ಮುರಿದ ರೆಕ್ಕೆಗಳನ್ನು ತುಂಡು ಮಾಡಿ ಅದರಲ್ಲಿ ಬೇಯಿಸಿದರೆ ಗಟ್ಟಿ ಅಂಟೆಲ್ಲ ಕರಗಿ, ಕೂದಲಿಗಿಂತ ಸಣ್ಣ ಕಪ್ಪು ಕಾರ್ಬನ್ ನೂಲು ಉಳಿಯುತ್ತದೆ. ಹೆಂಗಸರು ಅದನ್ನು ನೀರಲ್ಲಿ ಜಾಲಾಡಿ ಮೇಜಿಗೆ ತರುತ್ತಾರೆ. ಅಂಟು ಪೂರ್ತಿ ಬಿಟ್ಟಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ಬರಿಗೈಯಲ್ಲಿ ಹೊಸೆದೇ ನೋಡಬೇಕು, ಗವಸು ಹಾಕಿದರೆ ತಿಳಿಯದು. ಆರು ವರ್ಷದಿಂದ ಆ ಕೆಲಸ ಮುದುಕಿಯದು. ಶೆಡ್ಡಿಗೆಲ್ಲ ಅವಳು 'ಬೆರಳಮ್ಮ'.

ನೂಲಿನಲ್ಲುಳಿದ ಆಸಿಡ್ ತಿಂದು ಆ ಬೆರಳುಗಳು ಜೋಮು ಹಿಡಿದು ನಾಲ್ಕು ತಿಂಗಳಾಗಿತ್ತು. ಗೊತ್ತಿರುವುದು ಸೊಸೆಗೆ ಮಾತ್ರ ಎಂದು ಮುದುಕಿ ನಂಬಿದ್ದಳು. ಪಕ್ಕದಲ್ಲಿ ಜಾಲಾಡುವ ಸೊಸೆ ಒಂದು ಕೈಯ ಗವಸು ಕಳಚಿ ನೀರಿನಡಿಯಲ್ಲೇ ಮುಟ್ಟಿ ನೋಡುವಳು. ಅಂಟಿದ್ದರೆ ಕೆಮ್ಮುವಳು. ಅತ್ತೆ ಹೊಸೆದಂತೆ ಮಾಡಿ, ಮುಖ ಸಿಂಡರಿಸಿ, ಕಂತೆಯನ್ನು ತೊಟ್ಟಿಗೆ ವಾಪಸು ಕಳಿಸುವಳು. ನಿನ್ನೆ ಸೊಸೆಗೆ ಜ್ವರ, ಬಂದಿರಲಿಲ್ಲ. ಕೆಮ್ಮುವವರಿಲ್ಲದೆ ಅತ್ತೆ ಎಲ್ಲ ಕಂತೆಯನ್ನೂ ಪಾಸು ಮಾಡಿಬಿಟ್ಟಿದ್ದಳು. ಮೇಸ್ತ್ರಿ ಈಗ ಎಸೆದದ್ದು ಅಂಟು ಬಿಡದೆ ವಾಪಸು ಬಂದ ಅಂಥದೇ ಒಂದು ಕಂತೆ.

"ಎಲ್ಲಿ, ಚಾಚು ಕೈನ."

ಮೇಸ್ತ್ರಿ ಸಿಗರೇಟಿನ ತುದಿಯನ್ನು ಅವಳ ಹೆಬ್ಬೆರಳಿಗೆ ಒತ್ತಿದ. ಮುದುಕಿ ಅವನ ಮುಖವನ್ನೇ ನೋಡುತ್ತ ನಿಂತಳು. ಚರ್ಮ ಸುಟ್ಟ ವಾಸನೆ ಬಂದಾಗ ಆ ಕೈಯನ್ನು ಎಳೆದುಕೊಂಡವಳು ಸೊಸೆ.

"ನಿನ್ ಕೈ ಸೇದೋಗ!"

ಮೇಸ್ತ್ರಿ ನಕ್ಕ. "ಬಾಯಿ ಚುರುಕಾಗಿದೆ, ಬೆರಳೂ ಹಾಗೇ ಇರ್ಬೇಕು. ಇವತ್ತಿಂದ ಮೇಜು ನಿಂದು. ಗವಸು ತೆಗಿ. ಮುದುಕಿ ನೆಲ ಗುಡಿಸ್ಲಿ."

"ಹೋಗ್ಲಿ ಬಿಡಿ ಅತ್ತೆ," ಎಂದಳು ಸೊಸೆ. ಜ್ವರ ಬಿಟ್ಟ ಮೈ, ದನಿಯೇ ಏಳುತ್ತಿರಲಿಲ್ಲ. "ಇಬ್ರೂ ಮನೇಲಿ ಕೂತ್ರೆ ನಡೆಯುತ್ತಾ?"

ಅವಳು ಅರ್ಧ ಕಳಚಿದ ಗವಸನ್ನು ಮುದುಕಿ ಮತ್ತೆ ಮೊಣಕೈವರೆಗೆ ಎಳೆದಳು, ಮಗುವಿಗೆ ಅಂಗಿ ತೊಡಿಸುವ ಹಾಗೆ.

"ನಿನ್ನೆ ನಿನ್ ಹಣೆ ಮುಟ್ಟಿದೆ. ಜ್ವರ ಇದೆಯೋ ಇಲ್ವೋ ನಂಗೆ ಗೊತ್ತೇ ಆಗ್ಲಿಲ್ಲ ಕಣೆ. ನಾಳೆ ನಿನ್ ಮಗಳ ಹಣೆ ಯಾರ್ ಮುಟ್ಟಿ ನೋಡ್ತಾರೆ?"

ಆಮೇಲೆ ಕಂತೆಯನ್ನು ಮೇಸ್ತ್ರಿಯ ಕಡೆಗೆ ತಳ್ಳಿದಳು.

"ನಿಮ್ ಬೆರಳು ಇನ್ನೂ ಹೊಸಾದ್ರಂಗೇ ಇದ್ಯಲ್ಲ ಮೇಸ್ತ್ರಿ, ನೀವೇ ಮುಟ್ಟಿ ನೋಡಿ."

ಮೇಸ್ತ್ರಿಯ ಕೈ ತಾನಾಗಿಯೇ ಜೇಬಿಗೆ ಹೋಯಿತು.

"ಗೇಟು ತೆಗ್ದಿದೆ, ಇಬ್ರೂ ತೊಲಗಿ!" ಅವನು ಜಾಲಾಡುವ ಹೆಂಗಸರ ಸಾಲಿನತ್ತ ತಿರುಗಿದ. "ಏಯ್, ಯಾರಾದ್ರೂ ಗವಸು ಬಿಚ್ಚಿ ಬನ್ರೇ ಇಲ್ಲಿ!"

ಯಾರೂ ಅಲುಗಲಿಲ್ಲ. ತೊಟ್ಟಿ ಕುದಿಯುತ್ತಲೇ ಇತ್ತು. ಸಾಲಿನ ಕೊನೆಯಲ್ಲಿದ್ದ ಕುಳ್ಳಿ ಒಮ್ಮೆ ಕೆಮ್ಮಿದಳು. ಅವಳ ಪಕ್ಕದವಳೂ ಕೆಮ್ಮಿದಳು. ಆಮೇಲೆ ಅವಳಾಚೆಯವಳು.